ಬಯಲುಸೀಮೆಯ ವಸಂತ: ಹವಾಮಾನ ಮುನ್ನೋಟವನ್ನು ಓದುವ ಬಗೆ

ಫೆಬ್ರವರಿ ತಿಂಗಳು ಮುಗಿಯುವ ವೇಳೆಗೆ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಒಂದೇ ಬಗೆಯ ಮಾತುಕತೆ ಆರಂಭವಾಗುತ್ತದೆ. ಯುಗಾದಿಗೆ ಊರಿಗೆ ಹೋಗುವುದೋ, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಬಸವ ಜಯಂತಿಯ ಸುಮಾರಿಗೆ ಹೋಗುವುದೋ? ಊರಿನಲ್ಲಿ ಒಬ್ಬರೇ ಇರುವ ಅಜ್ಜಿಯನ್ನು ಬೇಸಿಗೆಗೆ ಇಲ್ಲಿಗೆ ಕರೆತರುವುದೋ, ಬಿಡುವುದೋ? ತಂಗಿಯ ಮದುವೆಯ ಮುಹೂರ್ತವನ್ನು ವೈಶಾಖದಲ್ಲಿ ಇಟ್ಟುಕೊಂಡರೆ ಹಂದರ ನಿಂತೀತೇ? ರೈಲಿನ ಮುಂಗಡ ಟಿಕೆಟ್ಟನ್ನು 60 ದಿನ ಮೊದಲೇ ಕಾದಿರಿಸಬೇಕಾದುದರಿಂದ, ಈ ಪ್ರಶ್ನೆಗಳಿಗೆ ಬಿಸಿಲು ಏರುವ ಮುನ್ನವೇ ಉತ್ತರ ಕಂಡುಕೊಳ್ಳಬೇಕಾಗುತ್ತದೆ.

ಸರಿಯಾಗಿ ಇದೇ ಸಮಯಕ್ಕೆ ಭಾರತ ಹವಾಮಾನ ಇಲಾಖೆಯು ಮಾರ್ಚ್‌ನಿಂದ ಮೇವರೆಗಿನ ಋತುವಿನ ಮುನ್ನೋಟವನ್ನು ಪ್ರಕಟಿಸುತ್ತದೆ. ಮಾರ್ಚ್ ಅಂತ್ಯದಲ್ಲಿ ಏಪ್ರಿಲ್–ಜೂನ್ ಅವಧಿಯ ಇನ್ನೊಂದು ಮುನ್ನೋಟ ಬರುತ್ತದೆ. ಮರುದಿನ ಪತ್ರಿಕೆಗಳಲ್ಲಿ "ಈ ಬಾರಿ ಬಿಸಿಲು ಹೆಚ್ಚು" ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಮನೆಯ ಹಿರಿಯರು ಅದನ್ನು ಓದಿ ಪ್ರಯಾಣವನ್ನೇ ಮುಂದೂಡುತ್ತಾರೆ, ಕಿರಿಯರು ಅದನ್ನು ನಕ್ಕು ಬದಿಗಿಡುತ್ತಾರೆ. ಆ ಮುನ್ನೋಟವು ನಿಜವಾಗಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರು, ಕಲಬುರಗಿ, ಯಾದಗಿರಿ, ಬಳ್ಳಾರಿ ಜಿಲ್ಲೆಗಳನ್ನೊಳಗೊಂಡ ಉತ್ತರದ ಬಯಲುಸೀಮೆಯನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡಿದ್ದೇವೆ.

ಈ ಸೀಮೆ ಏಕೆ ಒಣಗಿರುತ್ತದೆ ಎಂದು ಕೇಳಿದರೆ, ಪಶ್ಚಿಮ ಘಟ್ಟಗಳು ಮಳೆಯನ್ನು ತಡೆಯುತ್ತವೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದು ಸತ್ಯ. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಸುರಿದರೆ, ವಿಜಯಪುರದಲ್ಲಿ 600 ಮಿ.ಮೀ. ಆಸುಪಾಸಿನಲ್ಲಿ ನಿಲ್ಲುತ್ತದೆ. ಆದರೆ ಇದು ಮುಂಗಾರಿನ ಲೆಕ್ಕ. ವಸಂತದ ಒಣಹವೆಗೆ ಬೇರೆ ಕಾರಣಗಳೂ ಇವೆ. ಹಿಂಗಾರು ಮಳೆ ಅಕ್ಟೋಬರ್‌ನಲ್ಲಿ ಹೆಚ್ಚು ಕಡಿಮೆ ಮುಗಿದುಹೋಗುತ್ತದೆ. ಎರೆಭೂಮಿಯು ಆ ತೇವವನ್ನು ಹಿಡಿದಿಟ್ಟುಕೊಂಡು ಬಿಳಿಜೋಳವನ್ನೂ ಕಡಲೆಯನ್ನೂ ಕುಸುಬೆಯನ್ನೂ ಸಾಕುತ್ತದೆ. ಫೆಬ್ರವರಿ–ಮಾರ್ಚ್ ವೇಳೆಗೆ ಪೈರು ಕೊಯ್ಲಾದಾಗ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ದೊಡ್ಡ ಬಿರುಕುಗಳು ಬಿಟ್ಟಿರುತ್ತವೆ. ನೆಲದಲ್ಲಿ ತೇವವಿದ್ದರೆ ಸೂರ್ಯನ ಶಾಖದ ಒಂದು ಪಾಲು ಆ ನೀರನ್ನು ಆವಿಯಾಗಿಸುವುದರಲ್ಲಿ ವೆಚ್ಚವಾಗುತ್ತದೆ. ತೇವವೇ ಇಲ್ಲದಿದ್ದಾಗ ಬಹುಪಾಲು ಶಾಖವು ನೆಲವನ್ನೂ ಅದರ ಮೇಲಿನ ಗಾಳಿಯನ್ನೂ ಕಾಯಿಸಲು ಉಳಿಯುತ್ತದೆ. ಆದುದರಿಂದ ಹಿಂದಿನ ವರ್ಷದ ಮಳೆ ಕೈಕೊಟ್ಟಿದ್ದರೆ ಮುಂದಿನ ವಸಂತವು ಹೆಚ್ಚು ಸುಡುವ ಸಂಭವವಿರುತ್ತದೆ. ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ. ಊರಿನ ಕೆರೆಯಲ್ಲಿ ಸಂಕ್ರಾಂತಿಯ ಹೊತ್ತಿಗೆ ಎಷ್ಟು ನೀರಿತ್ತು ಎಂದು ವಿಚಾರಿಸಿದರೆ ಅರ್ಧ ಮುನ್ನೋಟ ದೊರೆತಂತೆಯೇ.

ಇನ್ನು ಗಾಳಿಯ ವಿಚಾರ. ಗದಗಿನ ಕಪ್ಪತಗುಡ್ಡದ ಮೇಲೂ ಚಿತ್ರದುರ್ಗದ ಬೆಟ್ಟಗಳ ಮೇಲೂ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ರೈಲಿನ ಕಿಟಕಿಯಿಂದ ಕಂಡವರು ಈ ಸೀಮೆಯಲ್ಲಿ ವರ್ಷವಿಡೀ ಗಾಳಿ ಬೀಸುತ್ತದೆ ಎಂದು ಭಾವಿಸುವುದುಂಟು. ವಾಸ್ತವವಾಗಿ ಆ ಯಂತ್ರಗಳಿಗೆ ಸುಗ್ಗಿಯ ಕಾಲ ಮುಂಗಾರಿನ ತಿಂಗಳುಗಳು. ಆಷಾಢದ ಗಾಳಿ ಎಂದು ನಾವು ಕರೆಯುವುದು ಪಶ್ಚಿಮದಿಂದ ಒಂದೇ ಸಮನೆ ಬೀಸುವ ಆ ಮಾರುತವನ್ನೇ. ವಸಂತದ ಗಾಳಿ ಹಾಗಲ್ಲ. ಮುಂಜಾನೆ ಎಲೆ ಅಲುಗುವುದಿಲ್ಲ. ಹೊತ್ತೇರಿದಂತೆ ನೆಲಕ್ಕೆ ಹತ್ತಿದ ಗಾಳಿ ಕಾದು ಮೇಲೇರುತ್ತದೆ, ಮೇಲಿನ ಪದರಗಳಲ್ಲಿ ವೇಗವಾಗಿ ಚಲಿಸುತ್ತಿರುವ ಗಾಳಿ ಅದರ ಜಾಗಕ್ಕೆ ಇಳಿಯುತ್ತದೆ. ಮರಗಳಿಲ್ಲದ ಬಯಲಿನಲ್ಲಿ ಅದಕ್ಕೆ ತಡೆಯೂ ಕಡಿಮೆ. ಮಧ್ಯಾಹ್ನದ ಬಿಸಿಗಾಳಿಯೂ ಹೊಲದ ನಡುವೆ ಎದ್ದು ಕಸಕಡ್ಡಿಗಳನ್ನು ತಿರುಗಿಸುವ ಸುಂಟರಗಾಳಿಯೂ ಹುಟ್ಟುವುದು ಹೀಗೆ. ಬೆಳಗಾವಿ, ಧಾರವಾಡಗಳಿಗೆ ಮಾತ್ರ ಸಂಜೆಯ ವೇಳೆಗೆ ಅರಬ್ಬೀ ಸಮುದ್ರದ ತಂಗಾಳಿ ಘಟ್ಟವನ್ನು ದಾಟಿ ಬರುವ ಭಾಗ್ಯವಿದೆ. ಪುಣೆಯವರಿಗೂ ಈ ಸಂಜೆಯ ತಂಪು ಪರಿಚಿತವೇ. ಕಲಬುರಗಿ, ರಾಯಚೂರುಗಳನ್ನು ತಲುಪುವಷ್ಟರಲ್ಲಿ ಅದರ ತಂಪೆಲ್ಲ ತೀರಿಹೋಗಿರುತ್ತದೆ.

ಈ ಗಾಳಿಯನ್ನು ಶಾಪವೆಂದೇ ಬಗೆಯಬಾರದು. ಜೋಳದ ರಾಶಿಯನ್ನು ಮೊರದಲ್ಲಿ ತೂರುತ್ತಿದ್ದ ಕಾಲದಲ್ಲಿ ಹೊಟ್ಟು ಹಾರಿಸಲು ರೈತರು ಇದನ್ನೇ ಕಾಯುತ್ತಿದ್ದರು. ಇಂದಿಗೂ ವಿಜಯಪುರ ಜಿಲ್ಲೆಯ ತಿಕೋಟಾ ಸುತ್ತಲಿನ ದ್ರಾಕ್ಷಿ ಬೆಳೆಗಾರರ ಬದುಕು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಒಣಗಾಳಿಯ ಮೇಲೆ ನಿಂತಿದೆ. ಹಸಿ ದ್ರಾಕ್ಷಿಯನ್ನು ಬದಿಗಳು ತೆರೆದಿರುವ ಶೆಡ್ಡುಗಳಲ್ಲಿ ಬಲೆಗಳ ಅಂತಸ್ತುಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ಗಾಳಿಯೇ ಅದನ್ನು ಒಣದ್ರಾಕ್ಷಿಯಾಗಿಸುತ್ತದೆ. ಆ ಎರಡು ವಾರಗಳ ನಡುವೆ ಒಂದು ಸಂಜೆ ಮಳೆ ಹನಿದು ಹವೆಯಲ್ಲಿ ತೇವ ನಿಂತರೂ ಹಣ್ಣು ಕಪ್ಪಾಗಿ ಬೆಲೆ ಬೀಳುತ್ತದೆ. ಕಣದಲ್ಲಿ ಹರಡಿದ ಬ್ಯಾಡಗಿ ಮೆಣಸಿನಕಾಯಿಗೂ ಇದೇ ಭಯ. 2014ರ ಫೆಬ್ರವರಿ–ಮಾರ್ಚ್‌ನಲ್ಲಿ ಮಹಾರಾಷ್ಟ್ರದಲ್ಲೂ ಉತ್ತರ ಕರ್ನಾಟಕದಲ್ಲೂ ಸುರಿದ ಆಲಿಕಲ್ಲು ಮಳೆಯನ್ನು ಅಲ್ಲಿನ ತೋಟಗಾರರು ಇನ್ನೂ ಮರೆತಿಲ್ಲ. ಪಟ್ಟಣದಲ್ಲಿರುವ ನಾವು ಬೇಸಿಗೆಯ ಮಳೆ ಎಂದೊಡನೆ ಹಿಗ್ಗುತ್ತೇವೆ. ಊರಿಗೆ ಫೋನು ಮಾಡಿ "ಮಳೆಯಾಯಿತಂತೆ, ಒಳ್ಳೆಯದಾಯಿತು" ಎನ್ನುವ ಮುನ್ನ ಶೆಡ್ಡಿನಲ್ಲಿ ದ್ರಾಕ್ಷಿ ಇದೆಯೇ ಎಂದು ಕೇಳುವುದು ಲೇಸು.

ಹಾಗಾದರೆ ಮುನ್ನೋಟ ಸಿದ್ಧವಾಗುವುದು ಹೇಗೆ? ಪುಣೆಯ ಓದುಗರಿಗೆ ಶಿವಾಜಿನಗರದ ಸಿಮ್ಲಾ ಆಫೀಸು ಚೌಕ ಗೊತ್ತೇ ಇದೆ. 1875ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಪ್ರಧಾನ ಕಚೇರಿ 1928ರಲ್ಲಿ ಶಿಮ್ಲಾದಿಂದ ಪುಣೆಗೆ ಬಂದುದರಿಂದ ಆ ಕಟ್ಟಡಕ್ಕೆ ಅದೇ ಹೆಸರು ಉಳಿದುಕೊಂಡಿತು. ಪ್ರಧಾನ ಕಚೇರಿ ಮುಂದೆ ದೆಹಲಿಗೆ ಹೋದರೂ ಋತುಗಳ ದೀರ್ಘಾವಧಿ ಮುನ್ಸೂಚನೆಯ ಕೆಲಸ ಇಂದಿಗೂ ಪುಣೆಯಲ್ಲಿಯೇ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಲಾನ್‌ಫರ್ಡ್ ಎಂಬ ಅಧಿಕಾರಿ ಹಿಮಾಲಯದ ಹಿಮದ ಪ್ರಮಾಣವನ್ನು ನೋಡಿ ಮುಂಗಾರನ್ನು ಊಹಿಸತೊಡಗಿದ. ಇಂದು ಸಾಗರ ಮತ್ತು ವಾಯುಮಂಡಲ ಎರಡನ್ನೂ ಒಟ್ಟಿಗೆ ಲೆಕ್ಕ ಹಾಕುವ ಗಣಕ ಮಾದರಿಗಳು ಆ ಕೆಲಸ ಮಾಡುತ್ತವೆ. ಒಂದೇ ಲೆಕ್ಕವನ್ನು ಆರಂಭದ ಸ್ಥಿತಿಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಮಾಡಿ ಹಲವು ಬಾರಿ, ಹಲವು ಮಾದರಿಗಳಲ್ಲಿ ನಡೆಸುತ್ತಾರೆ. ನೂರು ಲೆಕ್ಕಗಳಲ್ಲಿ ಅರವತ್ತು ಬಿಸಿಯ ಕಡೆಗೆ ವಾಲಿದರೆ, ಬಿಸಿ ಹೆಚ್ಚುವ ಸಂಭವ ಸುಮಾರು ಶೇ. 60 ಎಂದು ತಿಳಿಯುತ್ತಾರೆ. ಪತ್ರಿಕೆಯ ತಲೆಬರಹದಲ್ಲಿ ಕಳೆದುಹೋಗುವುದು ಈ "ಸಂಭವ" ಎಂಬ ಮಾತೇ.

ಇದನ್ನು ತುಸು ಬಿಡಿಸಿ ನೋಡೋಣ. 1991ರಿಂದ 2020ರವರೆಗಿನ 30 ವರ್ಷಗಳ ದಾಖಲೆಯ ಸರಾಸರಿಯನ್ನು ಇಲಾಖೆಯು ವಾಡಿಕೆ ಎಂದು ಇಟ್ಟುಕೊಂಡಿದೆ. ಹಿಂದಿನ ಋತುಗಳನ್ನು ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ವಾಡಿಕೆಗಿಂತ ಕಡಿಮೆ ಎಂದು ಮೂರು ಸಮ ಪಾಲಾಗಿ ವಿಂಗಡಿಸುತ್ತಾರೆ. ಏನೂ ತಿಳಿಯದವನು ಕಣ್ಣು ಮುಚ್ಚಿ ಹೇಳಿದರೂ ಪ್ರತಿಯೊಂದಕ್ಕೆ ಶೇ. 33ರಷ್ಟು ಅವಕಾಶ ಇದ್ದೇ ಇದೆ. ಮುನ್ನೋಟದ ನಕ್ಷೆಯಲ್ಲಿ ನಮ್ಮ ಜಿಲ್ಲೆಗೆ ಶೇ. 55 "ಹೆಚ್ಚು" ಎಂದು ಬಣ್ಣ ಹಚ್ಚಿದ್ದರೆ, ಉಳಿದ ಶೇ. 45ರಷ್ಟು ಅವಕಾಶ ಇನ್ನೆರಡು ಪಾಲುಗಳಿಗೆ ಸೇರಿದ್ದೆಂದು ಅರ್ಥ. ಅಂದರೆ ಅದು ಸುಳ್ಳಲ್ಲ, ಖಚಿತವೂ ಅಲ್ಲ. ಒಂದು ಕಡೆಗೆ ತುಸು ಭಾರ ಬಿದ್ದ ತಕ್ಕಡಿ.

ಎರಡು ವರ್ಷಗಳ ಅನುಭವವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. 2023ರಲ್ಲಿ ಪೆಸಿಫಿಕ್ ಸಾಗರದಲ್ಲಿ ಎಲ್ ನಿನೊ ಸ್ಥಿತಿ ಏರ್ಪಟ್ಟಿತ್ತು. ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟು 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ನೆಲ ಒಣಗಿದ್ದ ಸ್ಥಿತಿಯಲ್ಲಿಯೇ 2024ರ ಬೇಸಿಗೆ ಬಂದಿತು. ಉತ್ತರ ಕರ್ನಾಟಕದಲ್ಲಿ ಉಷ್ಣ ಅಲೆಯ ದಿನಗಳು ಹೆಚ್ಚಾಗಬಹುದೆಂದು ಮಾರ್ಚ್‌ನಿಂದಲೇ ಎಚ್ಚರಿಸಲಾಗಿತ್ತು. ಅಂತೆಯೇ ಕಲಬುರಗಿಯಲ್ಲಿ ತಾಪಮಾನ 43 ಡಿಗ್ರಿಯನ್ನು ದಾಟಿತು. ಮರುವರ್ಷ, 2025ರ ಮಾರ್ಚ್ ಕೊನೆಯಲ್ಲಿಯೂ ಕರ್ನಾಟಕದ ಉತ್ತರ ಭಾಗಗಳನ್ನು ಹೆಚ್ಚು ಉಷ್ಣ ಅಲೆಯ ಪಟ್ಟಿಯಲ್ಲಿಯೇ ಸೇರಿಸಲಾಗಿತ್ತು. ಆದರೆ ಮೇ ತಿಂಗಳು ಬೇರೆಯದೇ ದಾರಿ ಹಿಡಿಯಿತು. ಕರ್ನಾಟಕದಲ್ಲಿ ಆ ತಿಂಗಳು ವಾಡಿಕೆಯ ಎರಡು ಪಟ್ಟಿಗೂ ಹೆಚ್ಚು ಮಳೆ ಸುರಿಯಿತು, ಮುಂಗಾರು ಮೇ 24ಕ್ಕೇ ಕೇರಳಕ್ಕೆ ಕಾಲಿಟ್ಟಿತು, ಮೇ 26ರಂದು ಮುಂಬಯಿಯಲ್ಲಿ ನಾವೇ ಮೊಣಕಾಲುದ್ದ ನೀರಿನಲ್ಲಿ ನಡೆದೆವು. ಬಿಸಿಲಿನ ಭಯದಿಂದ ಆ ವರ್ಷ ಊರಿಗೆ ಹೋಗದೆ ಉಳಿದವರು ತಂಪಾದ ಮೇ ತಿಂಗಳೊಂದನ್ನು ಕಳೆದುಕೊಂಡರು. ಅದಕ್ಕಾಗಿ ಇಲಾಖೆಯನ್ನು ಹಳಿಯುವುದು ನ್ಯಾಯವಲ್ಲ. ಮೂರು ತಿಂಗಳ ಸರಾಸರಿಯನ್ನು ಹೇಳಿದವರನ್ನು ಹದಿನೈದು ದಿನಗಳ ಹವೆಗೆ ಹೊಣೆ ಮಾಡಿದಂತಾಗುತ್ತದೆ.

ಎಲ್ ನಿನೊ ಎಂಬ ಹೆಸರು ಈಗ ಮನೆಮಾತಾಗಿರುವುದರಿಂದ ಒಂದು ಮಾತು. ಮುಂದಿನ ಮಳೆಗಾಲಕ್ಕೆ ಎಲ್ ನಿನೊ ಬರುತ್ತದೆಯೇ ಎಂಬ ಊಹೆ ಮಾರ್ಚ್–ಮೇ ತಿಂಗಳುಗಳಲ್ಲಿಯೇ ಅತ್ಯಂತ ದುರ್ಬಲವಾಗಿರುತ್ತದೆ. ಆ ಸಮಯದಲ್ಲಿ ಪೆಸಿಫಿಕ್ ಸಾಗರವು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವ ಸಂಧಿಕಾಲದಲ್ಲಿ ಇರುವುದೇ ಇದಕ್ಕೆ ಕಾರಣ. ಯುಗಾದಿಯ ಹೊತ್ತಿಗೆ ಕೇಳಿಬರುವ ಬರದ ಭವಿಷ್ಯವನ್ನು ನಂಬಿ ಜಮೀನನ್ನು ಲಾವಣಿಗೆ ಕೊಡುವ ಅವಸರ ಬೇಡ.

"ವಾಡಿಕೆ" ಎಂಬ ಪದವೂ ನಮ್ಮನ್ನು ದಾರಿ ತಪ್ಪಿಸುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಮೇ ತಿಂಗಳ ವಾಡಿಕೆಯ ಗರಿಷ್ಠ ತಾಪಮಾನವೇ 40 ಡಿಗ್ರಿಯ ಆಸುಪಾಸಿನಲ್ಲಿದೆ. ಬಯಲಿನಲ್ಲಿ ಉಷ್ಣ ಅಲೆ ಎಂದು ಘೋಷಿಸಬೇಕಾದರೆ ತಾಪಮಾನ 40 ಡಿಗ್ರಿಯನ್ನು ಮುಟ್ಟಿರಬೇಕು, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಇಲ್ಲವೇ ನೇರವಾಗಿ 45 ಡಿಗ್ರಿ ಆಗಿರಬೇಕು. ಇದರ ಪರಿಣಾಮವೇನು ನೋಡಿ: ರಾಯಚೂರಿನಲ್ಲಿ 43 ಡಿಗ್ರಿ ಕಾದ ದಿನವೂ ಉಷ್ಣ ಅಲೆಯ ಲೆಕ್ಕಕ್ಕೆ ಬಾರದೆ ಹೋಗಬಹುದು. ಘೋಷಣೆ ಇಲ್ಲ ಎಂದ ಮಾತ್ರಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳನ್ನು ಕರೆದುಕೊಂಡು ಜಾತ್ರೆಗೆ ಹೊರಡಬಹುದೆಂದಲ್ಲ. ಮುಂಬಯಿ, ಚೆನ್ನೈಗಳಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಅಪಾಯವಿದೆ. ಸಮುದ್ರ ತೀರದ ಸೆಕೆಯಲ್ಲಿ ಬೆವರು ಆರದೆ ಅಂಗಿ ಒದ್ದೆಯಾಗುತ್ತದೆ, ದಣಿವು ಬೇಗ ತಿಳಿಯುತ್ತದೆ. ಬಯಲುಸೀಮೆಯ ಒಣಗಾಳಿಯಲ್ಲಿ ಬೆವರು ಹುಟ್ಟಿದೊಡನೆ ಆವಿಯಾಗುವುದರಿಂದ ಮೈ ಒಣಗಿಯೇ ಇರುತ್ತದೆ. ನೀರು ಕಳೆದುಹೋಗುತ್ತಿರುವುದು ಅರಿವಿಗೆ ಬರುವುದೇ ಇಲ್ಲ. "ಇಲ್ಲಿ ಸೆಕೆಯೇ ಇಲ್ಲ" ಎಂದು ನಲಿಯುವ ಮಗು ಸಂಜೆಗೆ ತಲೆನೋವೆಂದು ಮಲಗುತ್ತದೆ. ಬಾಯಾರಿಕೆಯನ್ನು ಕಾಯದೆ ಗಂಟೆಗೊಮ್ಮೆ ಮಜ್ಜಿಗೆಯನ್ನೋ ಜೋಳದ ಅಂಬಲಿಯನ್ನೋ ಕುಡಿಸಬೇಕು ಎಂದು ಹಿರಿಯರು ಹೇಳುತ್ತಿದ್ದುದು ಈ ಕಾರಣಕ್ಕೇ.

ವೃದ್ಧರ ವಿಷಯದಲ್ಲಿ ಹಗಲಿಗಿಂತ ರಾತ್ರಿಯ ತಾಪಮಾನವನ್ನು ಹೆಚ್ಚು ಗಮನಿಸಬೇಕು. ಮುನ್ನೋಟದಲ್ಲಿ ಕನಿಷ್ಠ ತಾಪಮಾನಕ್ಕೆ ಪ್ರತ್ಯೇಕ ನಕ್ಷೆ ಇರುತ್ತದೆ. ಪತ್ರಿಕೆಗಳು ಅದನ್ನು ಸಾಮಾನ್ಯವಾಗಿ ಕೈಬಿಡುತ್ತವೆ. ಒಣಸೀಮೆಯಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲದ ಶಾಖ ಬೇಗ ಹೊರಟುಹೋಗುತ್ತದೆ, ದೇಹಕ್ಕೆ ಬಿಡುವು ಸಿಗುತ್ತದೆ. ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆಗಳಲ್ಲಿ ಒಳಗೆ ತಂಪು, ರಾತ್ರಿ ಮಾಳಿಗೆಯ ಮೇಲೆ ನಿದ್ದೆ. ಆ ಮನೆಗಳನ್ನು ಕೆಡವಿ ನಾವೇ ಹಣ ಕಳುಹಿಸಿ ಕಟ್ಟಿಸಿದ ಸಿಮೆಂಟ್ ಸ್ಲ್ಯಾಬಿನ ಮನೆಗಳು ಹಗಲಿನ ಬಿಸಿಯನ್ನು ನಡುರಾತ್ರಿಯವರೆಗೂ ಒಳಕ್ಕೆ ಬಿಡುತ್ತವೆ. ಕನಿಷ್ಠ ತಾಪಮಾನ ವಾಡಿಕೆಗಿಂತ ಹೆಚ್ಚೆಂದು ಸೂಚಿಸಿದ ವರ್ಷ, ಅಂಥ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯನ್ನು ಏಪ್ರಿಲ್ ಮೊದಲ ವಾರದಲ್ಲಿಯೇ ಕರೆತರುವುದು ನಮ್ಮ ಮಟ್ಟಿಗೆ ಸರಿಯಾದ ನಿರ್ಧಾರ.

ಮಳೆಯ ಮುನ್ನೋಟವನ್ನು ಇನ್ನೂ ಹೆಚ್ಚು ಎಚ್ಚರದಿಂದ ಓದಬೇಕು. ಉತ್ತರ ಒಳನಾಡಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಬೀಳುವ ವಾಡಿಕೆಯ ಮಳೆ 100 ಮಿ.ಮೀ.ಗಿಂತ ಕಡಿಮೆ. ಇಷ್ಟು ಸಣ್ಣ ಮೊತ್ತದಲ್ಲಿ ಎರಡು ಸಂಜೆಯ ಜೋರು ಮಳೆ ಬಂದರೂ ಲೆಕ್ಕ ತಲೆಕೆಳಗಾಗುತ್ತದೆ. "ವಾಡಿಕೆಗಿಂತ ಹೆಚ್ಚು" ಎಂದರೆ ಕೆರೆ ತುಂಬುತ್ತದೆ, ಬೋರಿಗೆ ನೀರು ಬರುತ್ತದೆ ಎಂದು ಭಾವಿಸಬಾರದು. ಈ ಮಳೆಗಳ ರೀತಿಯೇ ಬೇರೆ. ಪೂರ್ವದ ಬಂಗಾಳ ಕೊಲ್ಲಿಯಿಂದ ಬರುವ ತೇವದ ಗಾಳಿಯೂ ವಾಯವ್ಯದ ಒಣಗಾಳಿಯೂ ವಿದರ್ಭದಿಂದ ಒಳನಾಡಿನ ಮೂಲಕ ತಮಿಳುನಾಡಿನವರೆಗೆ ಚಾಚಿದ ಒಂದು ಗೆರೆಯಲ್ಲಿ ಸಂಧಿಸುತ್ತವೆ. ಆ ಗೆರೆಯ ಗುಂಟ ಮಧ್ಯಾಹ್ನದ ನಂತರ ಮೋಡಗಳು ಗೋಪುರದಂತೆ ಏಳುತ್ತವೆ. ಗೆರೆ ಇಂದು ಬಾಗಲಕೋಟೆಯ ಮೇಲಿದ್ದರೆ ನಾಳೆ ರಾಯಚೂರಿನ ಮೇಲಿರಬಹುದು. ಒಂದು ಊರಿನಲ್ಲಿ ಹಳ್ಳ ಹರಿದರೆ ಪಕ್ಕದ ಊರಿನಲ್ಲಿ ಧೂಳು.

ಒಣಹವೆಯೂ ಗಾಳಿಯೂ ಕೂಡಿ ಅಪಾಯ ಒಡ್ಡುವುದು ಇಲ್ಲಿಯೇ. ಮೋಡದಿಂದ ಉದುರಿದ ಹನಿಗಳು ಕೆಳಗಿನ ಒಣಗಾಳಿಯಲ್ಲಿ ನೆಲ ಮುಟ್ಟುವ ಮೊದಲೇ ಆವಿಯಾಗತೊಡಗುತ್ತವೆ. ಹಾಗೆ ಆವಿಯಾಗುವಾಗ ಸುತ್ತಲಿನ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕೆಳಕ್ಕೆ ಕುಸಿಯುತ್ತದೆ, ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕಿಗೂ ಹರಡುತ್ತದೆ. ಆದುದರಿಂದಲೇ ನಮ್ಮ ಸೀಮೆಯಲ್ಲಿ ಮಳೆಗಿಂತ ಮೊದಲು ಗಾಳಿ ಬರುತ್ತದೆ; ಎಷ್ಟೋ ಸಲ ಗಾಳಿ ಮಾತ್ರ ಬಂದು ಮಳೆ ಬರುವುದೇ ಇಲ್ಲ. ನಮ್ಮ ಬಂಧುಗಳೊಬ್ಬರ ಮದುವೆಯಲ್ಲಿ ಅಕ್ಷತೆ ಮುಗಿದು ಎರಡನೆಯ ಪಂಕ್ತಿ ಊಟಕ್ಕೆ ಕುಳಿತಿದ್ದಾಗ, ಸಂಜೆ ನಾಲ್ಕರ ಸುಮಾರಿಗೆ, ಇಂಥದೇ ಗಾಳಿಯೊಂದು ಹಂದರವನ್ನು ಕಂಬ ಸಮೇತ ಎತ್ತಿ ಪಕ್ಕದ ಹಿತ್ತಿಲಿಗೆ ಹಾಕಿತು. ದೇವರ ದಯದಿಂದ ಯಾರಿಗೂ ಪೆಟ್ಟಾಗಲಿಲ್ಲ, ಹುಗ್ಗಿಯ ತುಂಬ ಮಣ್ಣು. ಒಂದು ಹನಿ ಮಳೆ ಬೀಳಲಿಲ್ಲ. ಅಂದಿನಿಂದ ವೈಶಾಖದ ಮದುವೆಗಳಲ್ಲಿ ಊಟದ ಪಂಕ್ತಿಗಳು ಮಧ್ಯಾಹ್ನ ಎರಡರೊಳಗೆ ಮುಗಿಯಬೇಕೆಂದು ನಾವು ಹಟ ಹಿಡಿಯುತ್ತೇವೆ.

ಇಂಥ ಮಳೆಗಳಿಗೆ ರೈತರು ನಕ್ಷತ್ರಗಳ ಹೆಸರಿಟ್ಟಿದ್ದಾರೆ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಯಿಂದ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕೆ, 25ರ ಸುಮಾರಿಗೆ ರೋಹಿಣಿ. ಹೀಗೆ ಒಂದೊಂದೂ ಹದಿಮೂರು–ಹದಿನಾಲ್ಕು ದಿನ. ಭರಣಿ ಮಳೆಯಾದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆಯನ್ನು ಮನೆಯಲ್ಲಿ ಕೇಳದವರು ವಿರಳ. ಇದು ಭವಿಷ್ಯವಾಣಿಯಲ್ಲ, ಒಂದು ಕ್ಯಾಲೆಂಡರ್: ಯಾವ ಹದಿನೈದು ದಿನಗಳಲ್ಲಿ ಬಿದ್ದ ಮಳೆಯಿಂದ ಯಾವ ಕೆಲಸಕ್ಕೆ ಅನುಕೂಲ ಎಂಬ ತಲೆಮಾರುಗಳ ಟಿಪ್ಪಣಿ. ಹವಾಮಾನ ಇಲಾಖೆಯ ವಿಸ್ತೃತ ಮುನ್ಸೂಚನೆಯೂ ಹೆಚ್ಚು ಕಡಿಮೆ ಇದೇ ಅಳತೆಯದು. ಅದು ಪ್ರತಿ ಗುರುವಾರ ಹೊರಬರುತ್ತದೆ, ಮುಂದಿನ ಎರಡು ವಾರಗಳ ಬಿಸಿಲು–ಮಳೆಯ ಒಲವನ್ನು ತಿಳಿಸುತ್ತದೆ. ಪ್ರಯಾಣದ ನಿರ್ಧಾರಕ್ಕೆ ಋತುವಿನ ಮುನ್ನೋಟಕ್ಕಿಂತ ಇದು ಎಷ್ಟೋ ಮೇಲು. ಟಿಕೆಟ್ಟು ಮೊದಲೇ ತೆಗೆದಿಡಿ. ಹೊರಡುವುದಕ್ಕೆ ಹತ್ತು ದಿನ ಮೊದಲಿನ ಗುರುವಾರ ಇದನ್ನು ನೋಡಿ. ಮೂರು ದಿನ ಇರುವಾಗ ಜಿಲ್ಲಾವಾರು ಮುನ್ಸೂಚನೆಯ ಬಣ್ಣ ನೋಡಿ. ಹಳದಿ ಇದ್ದರೆ ಗಮನವಿರಲಿ, ಕಿತ್ತಳೆ ಇದ್ದರೆ ಸಂಜೆಯ ರಸ್ತೆ ಪ್ರಯಾಣವನ್ನು ಬೆಳಗಿಗೆ ಬದಲಿಸಿ, ಕೆಂಪು ಇದ್ದರೆ ಟಿಕೆಟ್ಟಿನ ಹಣಕ್ಕೆ ಚಿಂತಿಸಬೇಡಿ.

ಊರಿಗೆ ತಲುಪಿದ ಮೇಲೆ ಸ್ಥಳೀಯ ಮಾಹಿತಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ಈ ಸಂಸ್ಥೆಯು ಇಂದು ಗ್ರಾಮ ಪಂಚಾಯತಿ ಮಟ್ಟದಲ್ಲಿ 6,000ಕ್ಕೂ ಹೆಚ್ಚು ಮಳೆಮಾಪಕಗಳನ್ನು ಹೊಂದಿದೆ. ಇಷ್ಟು ದಟ್ಟ ಜಾಲವಿದ್ದರೆ ಮಾತ್ರ ಹಳ್ಳಿಯಿಂದ ಹಳ್ಳಿಗೆ ಬೇರೆಯಾಗುವ ಬೇಸಿಗೆ ಮಳೆಯನ್ನು ಅಳೆಯಲು ಸಾಧ್ಯ. ಸಿಡಿಲಿನ ಎಚ್ಚರಿಕೆ ನೀಡುವ ಇದೇ ಕೇಂದ್ರದ "ಸಿಡಿಲು" ಎಂಬ ಆ್ಯಪ್‌ ಹಾಗೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ "ದಾಮಿನಿ" ಆ್ಯಪ್‌ಗಳಲ್ಲಿ ಒಂದನ್ನಾದರೂ ಊರಿನ ಬಂಧುಗಳ ಮೊಬೈಲಿಗೆ ಹಾಕಿಕೊಡಿ. ಕುರಿ ಕಾಯುವವರೂ ಹೊಲದಲ್ಲಿ ಒಂಟಿ ಬೇವಿನ ಮರದಡಿ ನಿಲ್ಲುವವರೂ ಸಿಡಿಲಿಗೆ ಬಲಿಯಾಗುವುದು ಹೆಚ್ಚಾಗಿ ಏಪ್ರಿಲ್–ಮೇ ತಿಂಗಳ ಸಂಜೆಗಳಲ್ಲಿ. ನಗರದಿಂದ ಹೋದ ನಾವು ಅವರಿಗೆ ಕೊಡಬಹುದಾದ ಕಾಣಿಕೆಗಳಲ್ಲಿ ಇದು ಖರ್ಚಿಲ್ಲದ್ದು.

ಕೊನೆಯದಾಗಿ ಪಹಣಿ, ಖಾತೆ ಬದಲಾವಣೆ ಮುಂತಾದ ಕೆಲಸಗಳನ್ನು ಇಟ್ಟುಕೊಂಡು ಹೋಗುವವರ ಗಮನಕ್ಕೆ: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ಬೆಳಗಿನ ರೈಲಿನಿಂದ ಇಳಿದು, ಸ್ನಾನ ಊಟ ಮುಗಿಸಿ ಮೂರು ಗಂಟೆಗೆ ತಹಶೀಲ್ದಾರರ ಕಚೇರಿಗೆ ಹೋದರೆ ಬೀಗ ನೋಡಿ ಬರಬೇಕಾದೀತು. ಆ ವರ್ಷದ ಆದೇಶ ಹೊರಟಿದೆಯೇ ಎಂದು ಊರಿನವರನ್ನು ಮೊದಲೇ ಕೇಳಿಕೊಂಡು ಹೊರಡುವುದು ಉತ್ತಮ.